ಕ್ಯಾಸಂಬಳ್ಳಿಯ ರೆಡ್ಡಿ: ಸೆರೆಮನೆಯಿಂದ ಮುಖ್ಯಮಂತ್ರಿ ಪದವಿಗೆ

ಆಫ್ರಿಕಾದ ಘಾನಾ ದೇಶದ ಕ್ವಾಮೆ ಎನ್‌ಕ್ರೂಮಾ 1951ರಲ್ಲಿ ಬ್ರಿಟಿಷರ ಸೆರೆಮನೆಯಿಂದ ಹೊರಬಂದು ನೇರವಾಗಿ ಸರ್ಕಾರ ನಡೆಸಲು ಹೋದರು ಎಂದು ಓದಿ ನಾವು ಬೆರಗಾಗುತ್ತೇವೆ. ಅಂಥದೇ ಕತೆ ಅದಕ್ಕೂ ನಾಲ್ಕು ವರ್ಷ ಮೊದಲು ನಮ್ಮ ಸೀಮೆಯಲ್ಲೇ ನಡೆದಿತ್ತು.

ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ ಹುಟ್ಟಿದ್ದು 1902ರಲ್ಲಿ, ಕೋಲಾರ ಜಿಲ್ಲೆಯಲ್ಲಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಆಗ ಅದೇ ಜಿಲ್ಲೆಯ ತಾಲ್ಲೂಕುಗಳು. ನಮ್ಮ ಜಿಲ್ಲೆ ಬೇರೆಯಾದದ್ದು 2007ರಲ್ಲಿ. ಕಾನೂನು ಓದಿದ ರೆಡ್ಡಿಯವರು 1930ರಲ್ಲಿ ಪ್ರಜಾಪಕ್ಷ ಕಟ್ಟಿದವರಲ್ಲಿ ಒಬ್ಬರು. ಅದು ಮುಂದೆ ಪ್ರಜಾಮಿತ್ರ ಮಂಡಳಿಯೊಂದಿಗೆ ಕೂಡಿಕೊಂಡು, 1937ರಲ್ಲಿ ಕಾಂಗ್ರೆಸ್ಸಿನಲ್ಲಿ ಸೇರಿತು. ಅವರ ಬೇಡಿಕೆ ಒಂದೇ: ಜವಾಬ್ದಾರಿ ಸರ್ಕಾರ. ಅಂದರೆ ಮಂತ್ರಿಗಳು ಅರಮನೆಗಲ್ಲ, ಜನರಿಗೆ ಉತ್ತರ ಹೇಳಬೇಕು.

ಆ ಬೇಡಿಕೆಗೆ ಹೆಚ್ಚಿನ ಬೆಲೆ ತೆತ್ತದ್ದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ನಿಷೇಧಾಜ್ಞೆ ಮೀರಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು ಹತ್ತು. ಹೋರಾಟಗಾರರ ಲೆಕ್ಕದಲ್ಲಿ ಮೂವತ್ತಕ್ಕೂ ಹೆಚ್ಚು. ಗಾಂಧೀಜಿ ಪಟೇಲರನ್ನೂ ಕೃಪಲಾನಿಯವರನ್ನೂ ಕಳುಹಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದವಾಗಿ ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ಕೆಲವು ಷರತ್ತಿನೊಂದಿಗೆ ಬಾವುಟಕ್ಕೂ ಜಾಗ ಸಿಕ್ಕಿತು. ಜವಾಬ್ದಾರಿ ಸರ್ಕಾರ ಮಾತ್ರ ಸಿಗಲಿಲ್ಲ.

1947ರ ಆಗಸ್ಟ್ 15 ಬಂದರೂ ಮೈಸೂರಿನಲ್ಲಿ ದಿವಾನಗಿರಿಯೇ ಮುಂದುವರಿಯಿತು. ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಚಳವಳಿ ಎದ್ದಿತು. ರೆಡ್ಡಿಯವರೂ ಸೇರಿ ನಾಯಕರು ಬಂಧನಕ್ಕೊಳಗಾದರು. ಚಳವಳಿ ತಣಿಯಲಿಲ್ಲ. ಅಕ್ಟೋಬರ್‌ನಲ್ಲಿ ಅರಮನೆ ಮಣಿಯಿತು. ಅದೇ ತಿಂಗಳ 25ರಂದು ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ರಾಜ್ಯದ ಮುಖ್ಯಸ್ಥರಾಗಿ ಜಯಚಾಮರಾಜ ಒಡೆಯರೇ ಉಳಿದರು. ಆಡಳಿತದ ಹೊಣೆ ಮಾತ್ರ ಪ್ರಜೆಗಳ ಕಡೆಯವರ ಕೈಗೆ ಬಂತು.

ಕುರ್ಚಿ ಹತ್ತಿದ ಕತೆಗಿಂತ ಇಳಿದ ಕತೆ ನಮಗೆ ಹೆಚ್ಚು ಮುಖ್ಯವೆನಿಸುತ್ತದೆ. ಎನ್‌ಕ್ರೂಮಾ 1964ರಲ್ಲಿ ಘಾನಾವನ್ನು ಏಕಪಕ್ಷದ ದೇಶವಾಗಿಸಿದರು. 1966ರಲ್ಲಿ ಸೈನ್ಯ ಅವರನ್ನು ಇಳಿಸಿತು. ರೆಡ್ಡಿಯವರ ಸರ್ಕಾರವನ್ನು ಕೆಂಗಲ್ ಹನುಮಂತಯ್ಯ ಪಕ್ಷದೊಳಗಿದ್ದುಕೊಂಡೇ ಟೀಕಿಸುತ್ತಿದ್ದರು. ಮೊದಲ ಮಹಾಚುನಾವಣೆಯಾದ ಮೇಲೆ, 1952ರ ಮಾರ್ಚ್ 30ರಂದು, ಅದೇ ಹನುಮಂತಯ್ಯ ಮುಖ್ಯಮಂತ್ರಿಯಾದರು. ರೆಡ್ಡಿಯವರು ದೆಹಲಿಗೆ ಹೋಗಿ ಕೇಂದ್ರ ಮಂತ್ರಿಯಾದರು, ಆಮೇಲೆ ಮಧ್ಯಪ್ರದೇಶದ ರಾಜ್ಯಪಾಲರಾದರು, 1976ರಲ್ಲಿ ತೀರಿಕೊಂಡರು. ಅಧಿಕಾರ ಕೈಬದಲಾಗಲು ಒಂದು ಗುಂಡೂ ಬೇಕಾಗಲಿಲ್ಲ.

ಬೇಕಾದ ಗುಂಡೆಲ್ಲ ವಿದುರಾಶ್ವತ್ಥದಲ್ಲಿ ಮೊದಲೇ ಹಾರಿದ್ದವು. ಅಲ್ಲಿ ಬಿದ್ದವರಲ್ಲಿ ಯಾರೂ ಮಂತ್ರಿಯಾಗಲಿಲ್ಲ. ಇವತ್ತು ನಮ್ಮ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಿಡಿದು ಬಂದವರನ್ನು 'ನಾಳೆ ಬಾ' ಎಂದು ವಾಪಸ್ ಕಳಿಸಿದಾಗ, ಉತ್ತರ ಕೇಳುವ ಹಕ್ಕನ್ನು ನಮಗೆ ಗಳಿಸಿಕೊಟ್ಟವರು ಯಾರೆಂದು ನಾವು ನೆನೆಯಬೇಕು. ನೆನೆದು, ಉತ್ತರ ಕೇಳಬೇಕು.