ಹೆಬ್ಬೆಟ್ಟು ಗುಟ್ಟಲ್ಲ: ಗುರುತಿನ ಭದ್ರತೆಯ ಸಂಶೋಧನೆ ನಡೆದುಬಂದ ದಾರಿ

ಪಡುಬಿದ್ರಿಯವರು ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗೆ ಒತ್ತುವುದೂ ನೋಂದಣಿ ಕಚೇರಿಯಲ್ಲಿ ಜಾಗದ ಕ್ರಯಪತ್ರಕ್ಕೆ ಒತ್ತುವುದೂ ಅದೇ ಬೆರಳು. ಒಂದೇ ಗುರುತು ಹಲವು ಕಡೆ ಚಲಾವಣೆಯಾದರೆ ಅಪಾಯ ಎಂದು ಸಂಶೋಧಕರು ಎರಡು ದಶಕಗಳಿಂದ ಹೇಳುತ್ತಿದ್ದಾರೆ. ಆಡಳಿತಕ್ಕೆ ಅದು ಮನದಟ್ಟಾಗಲು 2023 ಬರಬೇಕಾಯಿತು.

ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷೆಲ್ 1858ರಲ್ಲಿ ಬಂಗಾಳದಲ್ಲಿ ಗುತ್ತಿಗೆ ಪತ್ರಕ್ಕೆ ಅಂಗೈ ಗುರುತು ಹಾಕಿಸಿದ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಕಚೇರಿ ಆರಂಭವಾಯಿತು. ಆಗ ಹೋಲಿಸಿ ನೋಡುತ್ತಿದ್ದುದು ಮನುಷ್ಯರ ಕಣ್ಣು.

ಕಂಪ್ಯೂಟರಿನ ಕಾಲಕ್ಕೆ ಗುರುತಿನ ಜೊತೆ ಗುಟ್ಟೂ ಬೇಕಾಯಿತು. ಪಾಸ್‌ವರ್ಡನ್ನು ಇದ್ದಂತೆಯೇ ಇಡದೆ, ಹಿಂತಿರುಗಿಸಲಾಗದ ಲೆಕ್ಕಕ್ಕೆ ಒಳಪಡಿಸಿ ಇಡುವ ಕ್ರಮವನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಪ್ರಬಂಧದಲ್ಲಿ ವಿವರಿಸಿದರು. ಒಂದಕ್ಷರ ತಪ್ಪಿದರೂ ಆ ಲೆಕ್ಕ ತಾಳೆಯಾಗದು. ಬೆರಳಿಗೆ ಈ ಉಪಾಯ ಒಗ್ಗುವುದಿಲ್ಲ. ಬಲೆ ಎಳೆದು, ಬೀಡಿ ಕಟ್ಟಿ ಸವೆದ ಬೆರಳು ಒಂದೊಂದು ಸಲ ಒಂದೊಂದು ಥರ ಮೂಡುತ್ತದೆ.

ಈ ತೊಡಕೇ ಹೊಸ ಕ್ಷೇತ್ರಕ್ಕೆ ಬೀಜವಾಯಿತು. 2001ರಲ್ಲಿ ನಳಿನಿ ರಥಾ ಮತ್ತು ಐಬಿಎಂನ ಸಂಗಡಿಗರು, ಸೋರಿಹೋದರೆ ರದ್ದುಪಡಿಸಿ ಬೇರೊಂದನ್ನು ಕೊಡಬಹುದಾದ ಜೈವಿಕ ಗುರುತನ್ನು ಸೂಚಿಸಿದರು. ಮರುವರ್ಷ ಜಪಾನಿನ ಮಾತ್ಸುಮೊಟೊ ತಂಡ ಜೆಲಾಟಿನ್ ಬೆರಳಿನಿಂದ ಯಂತ್ರಗಳನ್ನು ಏಮಾರಿಸಿ ತೋರಿಸಿತು. 2004ರಲ್ಲಿ ಡೋಡಿಸ್, ರೇಜಿನ್ ಮತ್ತು ಸ್ಮಿತ್, ತುಸು ಬದಲಾಗುವ ಗುರುತಿನಿಂದಲೂ ಸ್ಥಿರವಾದ ಕೀಲಿ ತೆಗೆಯುವ ಗಣಿತ ಕೊಟ್ಟರು. ಅದೇ ಎಳೆಯಲ್ಲಿ ರೇಜಿನ್ ಜೊತೆ 2009ರಲ್ಲಿ ಪ್ರಬಂಧ ಬರೆದ ಭಾವನಾ ಕನುಕುರ್ತಿ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು.

ಡೇಟಾಬೇಸ್ ಸಂಶೋಧನೆ ಬೇರೆ ದಾರಿ ಹಿಡಿಯಿತು. ಎಂಐಟಿಯ ಕ್ರಿಪ್ಟ್‌ಡಿಬಿ 2011ರಲ್ಲಿ ಗೂಢಲಿಪಿಯಲ್ಲಿರುವ ಮಾಹಿತಿಯ ಮೇಲೆಯೇ ಹುಡುಕಾಟ ನಡೆಸಿತು. ಅಂಥ ಕೋಷ್ಟಕಗಳಲ್ಲಿ ಉಳಿಯುವ ಕ್ರಮ ಮತ್ತು ಪುನರಾವರ್ತನೆಯಿಂದಲೇ ಮೂಲವನ್ನು ಊಹಿಸಬಹುದೆಂದು 2015ರಲ್ಲಿ ಇನ್ನೊಂದು ತಂಡ ತೋರಿಸಿತು.

ಕರ್ನಾಟಕ ಬೆರಳಚ್ಚು ಮತ್ತು ಡೇಟಾಬೇಸ್ ಎರಡನ್ನೂ ಬಳಕೆಯಲ್ಲಿ ಕಂಡ ರಾಜ್ಯ. ಸುಮಾರು 2 ಕೋಟಿ ಪಹಣಿಗಳ 'ಭೂಮಿ' ಯೋಜನೆಯಲ್ಲಿ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಯಾರು ಏನು ತಿದ್ದಿದರೆಂಬುದಕ್ಕೆ ಲೆಕ್ಕ ಸಿಗುತ್ತಿತ್ತು. ಆಮೇಲೆ ಬಂದ ಆಧಾರ್ ವ್ಯವಸ್ಥೆ ಬೆರಳಚ್ಚನ್ನು 256 ಬಿಟ್ ಎಇಎಸ್ ಮತ್ತು 2048 ಬಿಟ್ ಆರ್‌ಎಸ್‌ಎ ಗೂಢಲಿಪಿಗಳಿಂದ ಮುಚ್ಚಿ ಕಳಿಸುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಹೂಡಿದ ದಾವೆಯಲ್ಲೇ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ ಸಾರಿತು.

2023ರಲ್ಲಿ ಮಂಗಳೂರು ಸೇರಿದಂತೆ ಹಲವೆಡೆ ವಂಚಕರು ಆಧಾರ್‌ನ ಗೂಢಲಿಪಿಯ ಗೋಜಿಗೇ ಹೋಗಲಿಲ್ಲ. ನೋಂದಾಯಿತ ಕ್ರಯಪತ್ರಗಳಿಂದ ಬೆರಳಚ್ಚೂ ಆಧಾರ್ ಸಂಖ್ಯೆಯೂ ಸಿಕ್ಕವು. ಒಟಿಪಿ ಕೇಳದ ಆಧಾರ್ ಆಧಾರಿತ ಪಾವತಿಯಲ್ಲಿ ನಕಲಿ ಬೆರಳೊತ್ತಿ ಹಣ ಎತ್ತಿದರು. ಬೆರಳು ಜೀವಂತವೇ ಎಂದು ಪರೀಕ್ಷಿಸುವ ತಂತ್ರವನ್ನು ಆಧಾರ್ ಪ್ರಾಧಿಕಾರ ಅದೇ ವರ್ಷ ಬಿಗಿಗೊಳಿಸಿತ್ತು. ಬಯೋಮೆಟ್ರಿಕ್‌ಗೆ ಬೀಗ ಹಾಕಿಕೊಳ್ಳುವ ಸೌಲಭ್ಯವೂ ನಾಗರಿಕರಿಗಿದೆ.

ಪ್ರಬಂಧಗಳು ಸಾಮಾನ್ಯವಾಗಿ ಒಂದು ವ್ಯವಸ್ಥೆಯನ್ನು ಬಿಡಿಯಾಗಿ ಎತ್ತಿಕೊಂಡು ಅದರ ಭದ್ರತೆ ಸಾಧಿಸುತ್ತವೆ. ನೋಂದಣಿ ಇಲಾಖೆಯ ಕಡತ ಮತ್ತು ಬ್ಯಾಂಕಿನ ಯಂತ್ರ ಸೇರಿದಾಗ ಏನಾಗುತ್ತದೆಂಬ ಲೆಕ್ಕ ಅದರಲ್ಲಿ ಬರುವುದಿಲ್ಲ. ಮಣಿಪಾಲ, ನಿಟ್ಟೆ, ಸುರತ್ಕಲ್‌ನ ಕಾಲೇಜುಗಳಿಗೆ ಕೂಗಳತೆಯಲ್ಲೇ ಇರುವ ಸಂಶೋಧನಾ ವಿಷಯವಿದು.