ಕೊಡುವ ಕೈ ಯಾರದು? ಕೆನ್ಯಾದ ಹಳ್ಳಿ ಶಾಲೆಗಳ ಕಥೆ

2002ನೇ ಇಸವಿಯ ಜೂನ್ ತಿಂಗಳಲ್ಲಿ ಕೆನ್ಯಾ ದೇಶದ ದಕ್ಷಿಣ ಗಡಿಗೆ ಹತ್ತಿರವಿರುವ ಎನೂಸಾಯೆನ್ ಎಂಬ ಹಳ್ಳಿಯಲ್ಲಿ ಅಪರೂಪದ ಸಮಾರಂಭವೊಂದು ನಡೆಯಿತು. ನೈರೋಬಿಯಿಂದ ಬಂದಿದ್ದ ಅಮೆರಿಕದ ರಾಯಭಾರ ಕಚೇರಿಯ ಅಧಿಕಾರಿಗೆ ಅಲ್ಲಿನ ಮಸಾಯಿ ಜನ 14 ಹಸುಗಳನ್ನು ದಾನವಾಗಿ ಒಪ್ಪಿಸಿದರು. ಆ ಊರಿನ ಯುವಕ ಕಿಮೆಲಿ ನಯೋಮಾ ಅಮೆರಿಕದಲ್ಲಿ ಓದುತ್ತಿದ್ದರು. 2001ರ ಸೆಪ್ಟೆಂಬರ್ 11ರಂದು ಅವರು ನ್ಯೂಯಾರ್ಕಿನಲ್ಲಿದ್ದರು. ರಜೆಗೆ ಊರಿಗೆ ಬಂದಾಗ ಅಂದು ಕಂಡದ್ದನ್ನು ಹಿರಿಯರ ಮುಂದೆ ಹೇಳಿದರು. ಮಸಾಯಿಗಳಿಗೆ ಹಸುವೇ ಆಸ್ತಿ, ಹಸುವೇ ಮಾನ. ನೊಂದವರಿಗೆ ಅವರು ಕೊಡಬಹುದಾದ ಅತಿ ದೊಡ್ಡ ವಸ್ತು ಎಂದರೆ ಅದೇ.

ಹಸುಗಳನ್ನು ಸಮುದ್ರ ದಾಟಿಸುವುದು ಆಗದ ಮಾತು. ಅವು ಊರಿನಲ್ಲಿಯೇ ಉಳಿದವು, ಊರವರೇ ಮೇಯಿಸಿದರು. ನಾಲ್ಕು ವರ್ಷಗಳ ನಂತರ, 2006ರಲ್ಲಿ, ಅಮೆರಿಕ ತನ್ನ ಕೃತಜ್ಞತೆಯನ್ನು ಸಲ್ಲಿಸಿದ ರೀತಿ ಗಮನಿಸುವಂಥದು. ಎನೂಸಾಯೆನ್‌ನ 14 ಮಕ್ಕಳ ಓದಿಗೆ ವಿದ್ಯಾರ್ಥಿವೇತನ ಪ್ರಕಟವಾಯಿತು. ಒಂದು ಹಸುವಿಗೆ ಒಂದು ಮಗು!

ಆಫ್ರಿಕದ ಹಳ್ಳಿಮಕ್ಕಳ ಓದಿಗೆ ನೆರವು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಒಂದೇ. ಎಲ್ಲೋ ದೂರದ ಶ್ರೀಮಂತ ದೇಶದ ದಾನಿ, ಕೈಯೊಡ್ಡಿ ನಿಂತ ಬಡ ಮಗು. ಈ ಚಿತ್ರ ಪೂರ್ತಿ ಸುಳ್ಳಲ್ಲ. ಆದರೆ ಕೆನ್ಯಾದ ಸುಮಾರು ನೂರು ವರ್ಷಗಳ ಇತಿಹಾಸವನ್ನು ನೋಡಿದರೆ, ಅಲ್ಲಿ ಮೊದಲು ಕೊಟ್ಟ ಕೈ ಬಹುಮಟ್ಟಿಗೆ ಹಳ್ಳಿಯವರದೇ ಆಗಿತ್ತು ಎಂಬುದು ತಿಳಿಯುತ್ತದೆ.

ಮಿಷನ್ ಬಿಟ್ಟು ಬಂದವರು

ಬ್ರಿಟಿಷರ ಆಳ್ವಿಕೆಯಲ್ಲಿ ಕೆನ್ಯಾದ ಆಫ್ರಿಕನ್ ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸ ಹೆಚ್ಚಾಗಿ ಕ್ರೈಸ್ತ ಮಿಷನರಿಗಳ ಕೈಯಲ್ಲಿತ್ತು. ಆಫ್ರಿಕನ್ನರಿಂದ ಗುಡಿಸಲ ತೆರಿಗೆ, ತಲೆಗಂದಾಯ ಎರಡನ್ನೂ ವಸೂಲು ಮಾಡುತ್ತಿದ್ದ ಸರ್ಕಾರ, ಬಿಳಿಯರ ಮಕ್ಕಳ ಶಾಲೆಗಳಿಗೆ ಕೊಟ್ಟ ಗಮನದಲ್ಲಿ ಸಣ್ಣ ಪಾಲನ್ನೂ ಇವರ ಶಾಲೆಗಳಿಗೆ ಕೊಡಲಿಲ್ಲ. 1924ರಲ್ಲಿ ಪೂರ್ವ ಆಫ್ರಿಕಕ್ಕೆ ಬಂದ ಫೆಲ್ಪ್ಸ್-ಸ್ಟೋಕ್ಸ್ ಆಯೋಗ, ಆಫ್ರಿಕನ್ನರಿಗೆ ಬೇಸಾಯ ಮತ್ತು ಕೈಕಸುಬಿಗೆ ಹೊಂದುವ ಶಿಕ್ಷಣ ಕೊಡಬೇಕೆಂದು ಸಲಹೆ ಮಾಡಿತು. ಆದರೆ ಗುಮಾಸ್ತನ ಕುರ್ಚಿಗೂ ಕೋರ್ಟು ಕಚೇರಿಯ ವ್ಯವಹಾರಕ್ಕೂ ಇಂಗ್ಲಿಷೇ ಬಾಗಿಲು ಎಂಬುದನ್ನು ಹಳ್ಳಿಯವರು ಆಗಲೇ ಕಂಡುಕೊಂಡಿದ್ದರು. ಇಂಗ್ಲಿಷನ್ನು ತಡವಾಗಿ ಕಲಿಸುವುದೆಂದರೆ ತಮ್ಮ ಮಕ್ಕಳನ್ನು ಕೂಲಿಗಳಾಗಿಯೇ ಉಳಿಸುವ ಹಂಚಿಕೆ ಎಂಬ ಅನುಮಾನ ಅವರಲ್ಲಿ ಬೇರೂರಿತು.

ಕಿಡಿ ಹೊತ್ತಿದ್ದು ಮಾತ್ರ ಬೇರೆ ಕಾರಣಕ್ಕೆ. 1929ರಲ್ಲಿ ಕೆಲವು ಮಿಷನ್‌ಗಳು, ಹೆಣ್ಣುಮಕ್ಕಳಿಗೆ ಸುನ್ನತಿ ಮಾಡಿಸುವ ಪದ್ಧತಿಯನ್ನು ಬಿಡುವುದಾಗಿ ಪ್ರಮಾಣ ಮಾಡಬೇಕೆಂದು ಕಿಕುಯು ಜನಾಂಗದ ತಮ್ಮ ಅನುಯಾಯಿಗಳನ್ನು ಒತ್ತಾಯಿಸಿದವು. ಒಪ್ಪದವರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಮಿಷನ್ ತೊರೆದರು. ಮಕ್ಕಳನ್ನೂ ಶಾಲೆ ಬಿಡಿಸಿದರು. ಆ ಪದ್ಧತಿ ಹೆಣ್ಣುಮಕ್ಕಳ ದೇಹಕ್ಕೆ ಮಾಡುವ ಕ್ರೂರ ಹಾನಿ ಎಂಬುದರಲ್ಲಿ ಇಂದು ಎರಡು ಮಾತಿಲ್ಲ. ಕೆನ್ಯಾದ ಸಂಸತ್ತೇ 2011ರಲ್ಲಿ ಕಾನೂನು ಮಾಡಿ ಅದನ್ನು ನಿಷೇಧಿಸಿತು. ಆದರೆ ಅಂದು ಆ ಜನಕ್ಕೆ ಅದು, ಭೂಮಿಯನ್ನು ಕಸಿದುಕೊಂಡವರು ಈಗ ಮನೆಯೊಳಕ್ಕೂ ಕಾಲಿಡುತ್ತಿದ್ದಾರೆ ಎಂಬಂತೆ ಕಂಡಿತು. ಕೆನ್ಯಾದ ಸ್ವತಂತ್ರ ಶಾಲೆಗಳು ಹುಟ್ಟಿದ್ದು ಇಂತಹ ಇಕ್ಕಟ್ಟಿನಲ್ಲಿ. ಈ ವಿರೋಧಾಭಾಸವನ್ನು ಮರೆಮಾಚಿ ಆ ಶಾಲೆಗಳ ಕಥೆ ಹೇಳುವುದು ಸಾಧ್ಯವಿಲ್ಲ.

ಮಿಷನ್ ಬಿಟ್ಟವರು ಸುಮ್ಮನೆ ಕೂರಲಿಲ್ಲ. ಕಿಕುಯು ಸ್ವತಂತ್ರ ಶಾಲೆಗಳ ಸಂಘ, ಕಿಕುಯು ಕರಿಂಗ ಶಿಕ್ಷಣ ಸಂಘ ಎಂಬ ಎರಡು ಸಂಸ್ಥೆಗಳು ಹುಟ್ಟಿಕೊಂಡವು. ಊರವರೇ ಜಾಗ ಬಿಟ್ಟುಕೊಟ್ಟರು, ಮಣ್ಣಿನ ಗೋಡೆ ಎಬ್ಬಿಸಿದರು, ಹುಲ್ಲು ಹೊದಿಸಿದರು, ವಂತಿಗೆ ಹಾಕಿ ಮೇಷ್ಟರಿಗೆ ಸಂಬಳ ಕೊಟ್ಟರು. 1939ರಲ್ಲಿ ಗಿಥುಂಗುರಿ ಎಂಬಲ್ಲಿ ಶಿಕ್ಷಕರ ಕಾಲೇಜೇ ಆರಂಭವಾಯಿತು. ಅದನ್ನು ಕಟ್ಟಿದವರು ಅಮೆರಿಕದಲ್ಲಿ ಓದಿ ಬಂದ ಎಂಬಿಯು ಕೊಯ್ನಾಂಗೆ. ಮುಂದೆ ದೇಶದ ಮೊದಲ ಅಧ್ಯಕ್ಷರಾದ ಜೋಮೊ ಕೆನ್ಯಾಟಾ ಕೂಡ ಈ ಕಾಲೇಜಿನ ಮುಖ್ಯಸ್ಥರಾಗಿದ್ದವರೇ.

ಈ ಕಾಲೇಜಿಗೆ ಹಣ ಕೂಡಿಸಿದ ಕ್ರಮ ಸ್ವಾರಸ್ಯವಾದುದು. ಕಿಕುಯುಗಳಲ್ಲಿ ಒಂದೇ ಕಾಲದಲ್ಲಿ ಪ್ರಾಯಕ್ಕೆ ಬಂದವರೆಲ್ಲ ಸೇರಿ ಒಂದು ಬಳಗ. ಪ್ರತಿ ಬಳಗಕ್ಕೂ ತನ್ನದೇ ಹೆಸರು, ತನ್ನದೇ ಹೆಮ್ಮೆ. ಯಾವ ಬಳಗ ಹೆಚ್ಚು ಕೊಟ್ಟಿತು ಎಂಬ ಪೈಪೋಟಿ ಎದ್ದಿತು. ಹಳೆಯ ಕಾಲದ ನಂಟಿನ ಬಲದಿಂದಲೇ ಹೊಸ ಕಾಲದ ಕಾಲೇಜು ಎದ್ದು ನಿಂತಿತು.

1952ರಲ್ಲಿ ಮೌ ಮೌ ದಂಗೆಯನ್ನು ಹತ್ತಿಕ್ಕಲು ಬ್ರಿಟಿಷರು ತುರ್ತುಪರಿಸ್ಥಿತಿ ಸಾರಿದರು. ಸ್ವತಂತ್ರ ಶಾಲೆಗಳು ಬಂಡಾಯದ ಗೂಡುಗಳೆಂದು ಅವನ್ನು ಮುಚ್ಚಲಾಯಿತು, ಇಲ್ಲವೇ ಸರ್ಕಾರದ ವಶಕ್ಕೆ ತೆಗೆದುಕೊಳ್ಳಲಾಯಿತು. ವಂತಿಗೆಯಿಂದ ಕಟ್ಟಿದ ಗಿಥುಂಗುರಿ ಕಾಲೇಜಿನ ಆವರಣದಲ್ಲಿ ನೇಣುಗಂಬ ನಿಂತಿತು. ಕರಿಂಗ ಶಾಲೆಯಲ್ಲಿ ತಾಯ್ನುಡಿಯಲ್ಲಿ ಕಲಿಯುತ್ತಿದ್ದ ಒಬ್ಬ ಬಾಲಕ, ಈ ಬದಲಾವಣೆಯ ನಂತರ ಶಾಲೆಯಲ್ಲಿ ಗಿಕುಯು ಮಾತಾಡಿದರೆ ಛಡಿಯೇಟು ಬೀಳುವುದನ್ನು ಕಂಡ. ಅವನೇ ಮುಂದೆ ಲೇಖಕ ಗೂಗಿ ವಾ ಥಿಯಾಂಗೊ ಎಂದು ಜಗತ್ತಿಗೆ ಪರಿಚಿತನಾದ.

ಹರಾಂಬೆ!

1963ರ ಡಿಸೆಂಬರ್ 12ರಂದು ಕೆನ್ಯಾ ಸ್ವತಂತ್ರವಾಯಿತು. ಸುಮಾರು 86 ಲಕ್ಷ ಜನರಿದ್ದ ದೇಶದಲ್ಲಿ ಆಗ ಇದ್ದ ಪ್ರೌಢಶಾಲೆಗಳು ಸುಮಾರು 150. ಅವುಗಳಲ್ಲಿ ಓದುತ್ತಿದ್ದವರು ಸುಮಾರು 30 ಸಾವಿರ ಮಾತ್ರ. ಬಿಳಿಯರು ತೆರವು ಮಾಡಿದ ಹುದ್ದೆಗಳಿಗೆ ಓದಿದವರು ಬೇಕು, ಓದಿಸಲು ಶಾಲೆಗಳಿಲ್ಲ, ಶಾಲೆ ಕಟ್ಟಲು ಖಜಾನೆಯಲ್ಲಿ ಹಣವಿಲ್ಲ. ಆಗ ಕೆನ್ಯಾಟಾ ಜನರ ಮುಂದಿಟ್ಟ ಮಾತು ‘ಹರಾಂಬೆ’. ಎಲ್ಲರೂ ಸೇರಿ ಎಳೆಯೋಣ ಎಂಬುದು ಅದರ ಭಾವ. ಇಂದಿಗೂ ಕೆನ್ಯಾದ ರಾಷ್ಟ್ರಲಾಂಛನದ ಕೆಳಗೆ ಈ ಪದವಿದೆ.

ಈ ಪದದ ಬಗ್ಗೆ ಭಾರತಕ್ಕೆ ಸಂಬಂಧಿಸಿದ ಕಥೆಯೊಂದು ಚಾಲ್ತಿಯಲ್ಲಿದೆ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುಹಳಿ ಹಾಕಲು ಬ್ರಿಟಿಷ್ ಭಾರತದಿಂದ 30 ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಒಯ್ದಿದ್ದರು. ಅವರು ಹಳಿ ಎತ್ತುವಾಗ ಅಂಬಾದೇವಿಯನ್ನು ನೆನೆದು ಹಾಕುತ್ತಿದ್ದ ಕೂಗೇ ‘ಹರಾಂಬೆ’ ಆಯಿತು ಎನ್ನುತ್ತಾರೆ. ಕೇಳಲು ಇಂಪಾಗಿದ್ದರೂ ಇದಕ್ಕೆ ಗಟ್ಟಿಯಾದ ಆಧಾರವಿಲ್ಲ. ಕರಾವಳಿಯ ಸ್ವಾಹಿಲಿ ಹಮಾಲರು ಭಾರ ಎಳೆಯುವಾಗ ಹಾಕುತ್ತಿದ್ದ ಕೂಗು ಅದು ಎಂಬುದೇ ಹೆಚ್ಚು ಒಪ್ಪುವಂಥ ವಿವರಣೆ.

ಹರಾಂಬೆ ನಡೆಯುತ್ತಿದ್ದುದು ಹೀಗೆ. ಊರಿನ ಹಿರಿಯರ ಸಮಿತಿ ಒಂದು ದಿನ ಗೊತ್ತು ಮಾಡುತ್ತದೆ. ಮೈದಾನದಲ್ಲಿ ಜನ ಸೇರುತ್ತಾರೆ, ಹಾಡು ಕುಣಿತ ಇರುತ್ತದೆ. ಮುಖ್ಯ ಅತಿಥಿಯಾಗಿ ಮಂತ್ರಿಯೋ ದೊಡ್ಡ ವ್ಯಾಪಾರಿಯೋ ಬರುತ್ತಾರೆ. ಒಬ್ಬೊಬ್ಬರೂ ಮುಂದೆ ಬಂದು ಹಣ ಇಡುತ್ತಾರೆ. ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಗಟ್ಟಿಯಾಗಿ ಕೂಗಿ ಹೇಳಲಾಗುತ್ತದೆ. ಹಣವಿಲ್ಲದವರು ಕೋಳಿ ತರುತ್ತಾರೆ, ಮೇಕೆ ತರುತ್ತಾರೆ. ಅವನ್ನು ಅಲ್ಲಿಯೇ ಹರಾಜು ಹಾಕಲಾಗುತ್ತದೆ. ಅದೂ ಇಲ್ಲದವರು ಕಲ್ಲು ಹೊರುತ್ತಾರೆ, ನೀರು ತರುತ್ತಾರೆ. ಹೀಗೆ ಎದ್ದ ‘ಹರಾಂಬೆ ಶಾಲೆ’ಗಳು ಎಷ್ಟಾದವೆಂದರೆ, 1970ರ ದಶಕದಲ್ಲಿ ಸರ್ಕಾರಿ ನೆರವಿನ ಪ್ರೌಢಶಾಲೆಗಳಿಗಿಂತ ಅವುಗಳ ಸಂಖ್ಯೆಯೇ ಹೆಚ್ಚಿತ್ತು.

ಇದರಲ್ಲಿ ಹಳ್ಳಿಯವರ ಜಾಣತನವೂ ಇತ್ತು. ಗೋಡೆ ಎಬ್ಬಿಸಿ ಮಕ್ಕಳನ್ನು ಕೂರಿಸಿಬಿಟ್ಟರೆ, ಸರ್ಕಾರ ಇಂದಲ್ಲ ನಾಳೆ ಶಿಕ್ಷಕರನ್ನು ಕೊಡಲೇಬೇಕಾಗುತ್ತದೆ ಎಂಬ ಲೆಕ್ಕ ಅವರದು. ಅರ್ಜಿ ಬರೆದು ಕಾಯುವುದಕ್ಕಿಂತ ಶಾಲೆ ಕಟ್ಟಿ ಕಾಯುವುದು ಲೇಸಲ್ಲವೇ?

ವಂತಿಗೆಯ ಇನ್ನೊಂದು ಮುಖ

ಆದರೆ ವಂತಿಗೆಗೆ ಇನ್ನೊಂದು ಮುಖವೂ ಇತ್ತು. ಕಾಫಿ, ಚಹಾ ಬೆಳೆಯುವ ಸೀಮೆಯ ಜನರ ಕೈಯಲ್ಲಿ ಕಾಸಿತ್ತು, ಅಲ್ಲಿ ಶಾಲೆಗಳು ಬೇಗ ಎದ್ದವು. ಉತ್ತರದ ಒಣಸೀಮೆಯ ದನಗಾಹಿಗಳು ಹಿಂದೆಯೇ ಉಳಿದರು. ತಮ್ಮ ಶಾಲೆಯನ್ನು ತಾವೇ ಕಟ್ಟಿಕೊಳ್ಳಿ ಎನ್ನುವುದು ಕೇಳಲು ಸೊಗಸು. ಆದರೆ ಅದರ ಅರ್ಥ, ಇದ್ದವರಿಗೆ ಶಾಲೆ, ಇಲ್ಲದವರಿಗೆ ಇಲ್ಲ ಎಂದೂ ಆಗುತ್ತದೆ. ಹರಾಂಬೆ ಶಾಲೆಗಳಲ್ಲಿ ತರಬೇತಾದ ಶಿಕ್ಷಕರು ಕಡಿಮೆ, ಪ್ರಯೋಗಶಾಲೆ ಇಲ್ಲವೆನ್ನುವಷ್ಟು ಅಪರೂಪ, ಶುಲ್ಕ ಮಾತ್ರ ಹೆಚ್ಚು. ಸರ್ಕಾರಿ ಶಾಲೆಯಲ್ಲಿ ಸೀಟು ಸಿಗದ ಬಡ ಮಗುವೇ ಹೆಚ್ಚು ಶುಲ್ಕ ತೆತ್ತು ಕಡಿಮೆ ಕಲಿಯಬೇಕಾಯಿತು.

ಕ್ರಮೇಣ ರಾಜಕಾರಣವೂ ಒಳಹೊಕ್ಕಿತು. ಚುನಾವಣೆ ಹತ್ತಿರ ಬಂದಂತೆ ಮುಖ್ಯ ಅತಿಥಿಗಳ ಕೈ ಉದಾರವಾಗತೊಡಗಿತು. ಆ ಹಣ ಎಲ್ಲಿಂದ ಬಂತೆಂದು ಕೇಳುವವರಿರಲಿಲ್ಲ. ಸ್ವಂತ ಇಚ್ಛೆಯಿಂದ ಕೊಡುವುದು ಹೋಗಿ, ಅಧಿಕಾರಿಗಳು ಒತ್ತಾಯದಿಂದ ವಸೂಲು ಮಾಡುವುದು ಬಂತು. ಕೊನೆಗೆ 2003ರಲ್ಲಿ ಸರ್ಕಾರಿ ಅಧಿಕಾರಿಗಳು ಹರಾಂಬೆ ಹೆಸರಿನಲ್ಲಿ ಹಣ ಎತ್ತುವುದಕ್ಕೆ ಕಾನೂನಿನ ಕಡಿವಾಣ ಹಾಕಬೇಕಾಯಿತು.

ಹೊರಗಿನ ನೆರವು ಬೆರೆತದ್ದು ಈ ಕಥೆಯ ನಡುವೆಯೇ. 1970ರ ದಶಕದಲ್ಲಿ ಸ್ವೀಡನ್ನಿನ ಶಿಶುವಿಹಾರದ ಶಿಕ್ಷಕಿ ಹಿಲ್ಡೆ ಬಾಕ್, ತಾವು ಎಂದೂ ನೋಡದ ಕೆನ್ಯಾದ ಹಳ್ಳಿಯ ಹುಡುಗನ ಶಾಲಾಶುಲ್ಕಕ್ಕೆಂದು ಸಣ್ಣ ಮೊತ್ತ ಕಳಿಸುತ್ತಿದ್ದರು. ಒಂದು ಅವಧಿಗೆ ಸುಮಾರು 15 ಡಾಲರ್. ಆ ಹುಡುಗ ಕ್ರಿಸ್ ಎಂಬುರು ನೈರೋಬಿಯಲ್ಲಿ ಕಾನೂನು ಓದಿ, ಹಾರ್ವರ್ಡಿಗೂ ಹೋಗಿ, ವಿಶ್ವಸಂಸ್ಥೆಯಲ್ಲಿ ಮಾನವಹಕ್ಕುಗಳ ವಕೀಲರಾದರು. 2001ರಲ್ಲಿ ತಮ್ಮ ಊರ ಸೀಮೆಯ ಬಡ ಮಕ್ಕಳಿಗಾಗಿ ಒಂದು ನಿಧಿ ಸ್ಥಾಪಿಸಿ, ಅದಕ್ಕೆ ಹಿಲ್ಡೆ ಬಾಕ್ ಅವರ ಹೆಸರನ್ನೇ ಇಟ್ಟರು. ಆಮೇಲೆ ತಿಳಿದ ಸಂಗತಿಯೆಂದರೆ, ಹಿಲ್ಡೆ ಬಾಕ್ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯಹೂದಿ ಹುಡುಗಿ. ಅವರ ತಂದೆತಾಯಿ ನಾಜಿಗಳ ಯಾತನಾಶಿಬಿರಗಳಲ್ಲಿ ಸತ್ತಿದ್ದರು. ಜನಾಂಗದ್ವೇಷಕ್ಕೆ ಮನೆಯವರನ್ನೇ ಕಳೆದುಕೊಂಡವರ ನೆರವಿನಿಂದ ಓದಿದ ಹುಡುಗ, ಅಂಥದೇ ದ್ವೇಷದ ವಿರುದ್ಧ ಕೆಲಸ ಮಾಡುವ ವಕೀಲನಾಗಿದ್ದ. 2021ರಲ್ಲಿ ಹಿಲ್ಡೆ ಬಾಕ್ ತೀರಿಕೊಂಡರು.

ಹೃದಯ ಮುಟ್ಟುವ ಕಥೆ ನಿಜ. ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆ ಹುಡುಗನ ಪಕ್ಕದಲ್ಲಿ ಕುಳಿತಿದ್ದ, ಹೆಸರು ಪಟ್ಟಿಗೆ ಸೇರದ ಹುಡುಗನ ಗತಿ ಏನು? ದಾನ ಒಬ್ಬೊಬ್ಬರನ್ನು ಆರಿಸುತ್ತದೆ. ಹಕ್ಕಿಗೆ ಮಾತ್ರ ಎಲ್ಲರನ್ನೂ ಒಳಗೊಳ್ಳುವ ಶಕ್ತಿಯಿದೆ. 2003ರ ಜನವರಿಯಲ್ಲಿ ಕೆನ್ಯಾ ಪ್ರಾಥಮಿಕ ಶಾಲೆಗಳ ಶುಲ್ಕವನ್ನು ರದ್ದು ಮಾಡಿದಾಗ ಇದು ಕಣ್ಣಿಗೆ ಕಂಡಿತು. ಶಾಲೆಯಲ್ಲಿದ್ದ ಮಕ್ಕಳ ಸಂಖ್ಯೆ ಸುಮಾರು 59 ಲಕ್ಷದಿಂದ 72 ಲಕ್ಷಕ್ಕೆ ಏರಿತು. ಬೆಂಚುಗಳು ಸಾಲಲಿಲ್ಲ, ಒಬ್ಬೊಬ್ಬ ಶಿಕ್ಷಕರ ಮುಂದೆ ನೂರು ಮಕ್ಕಳು ಕುಳಿತ ತರಗತಿಗಳೂ ಇದ್ದವು. ಮರುವರ್ಷ 84 ವರ್ಷದ ಕಿಮಾನಿ ಮರೂಗೆ ಎಂಬ ಮಾಜಿ ಮೌ ಮೌ ಹೋರಾಟಗಾರರು ಸಮವಸ್ತ್ರ ತೊಟ್ಟು ಒಂದನೇ ತರಗತಿಗೆ ಸೇರಿಕೊಂಡರು. ತಾವು ಹೋರಾಡಿದ್ದರ ಒಂದು ಫಲವನ್ನು ಅವರು ಅರ್ಧ ಶತಮಾನ ತಡವಾಗಿ ಪಡೆದರು. 2010ರ ಸಂವಿಧಾನ ಮೂಲಶಿಕ್ಷಣವನ್ನು ಪ್ರತಿ ಮಗುವಿನ ಹಕ್ಕು ಎಂದೇ ಸಾರಿತು.

ಮತ್ತೆ ಎನೂಸಾಯೆನ್‌ಗೆ

ಹಾಗಾದರೆ ವಂತಿಗೆಯ ಕಾಲ ಮುಗಿಯಿತೇ? ಹಸು ಕೊಟ್ಟ ಎನೂಸಾಯೆನ್ ಊರಿಗೇ ಮತ್ತೆ ಹೋದರೆ ಉತ್ತರ ಸಿಗುತ್ತದೆ. ಕಾಕೆನ್ಯಾ ಎಂಟೈಯಾ ಆ ಊರಿನ ಹೆಣ್ಣುಮಗಳು. ಐದನೆಯ ವಯಸ್ಸಿನಲ್ಲೇ ಆಕೆಗೆ ಮದುವೆ ನಿಶ್ಚಯವಾಗಿತ್ತು. ಹರೆಯಕ್ಕೆ ಬಂದಾಗ ಸುನ್ನತಿಯ ಸರದಿ ಬಂತು. ಅದಾದ ಮೇಲೆ ಓದು ನಿಲ್ಲುವುದು, ಮದುವೆಯಾಗುವುದು ವಾಡಿಕೆ. ಆಕೆ ತಂದೆಯೊಡನೆ ಒಂದು ಕರಾರು ಮಾಡಿಕೊಂಡರು. ನೋವನ್ನು ಸಹಿಸುತ್ತೇನೆ, ಆದರೆ ಓದನ್ನು ನಿಲ್ಲಿಸಬಾರದು. ಪ್ರೌಢಶಾಲೆ ಮುಗಿಸಿ ಅಮೆರಿಕದ ಕಾಲೇಜೊಂದರಲ್ಲಿ ಸ್ಥಾನ ಸಿಕ್ಕಿದಾಗ ಪ್ರಯಾಣದ ಹಣಕ್ಕೆ ಊರೇ ವಂತಿಗೆ ಕೂಡಿಸಿತು. ಮರಳಿ ಬಂದು ಊರಿಗೆ ನೆರವಾಗುತ್ತೇನೆ ಎಂಬುದು ಆಕೆ ಕೊಟ್ಟ ಮಾತು.

2009ರಲ್ಲಿ ಆಕೆ ಎನೂಸಾಯೆನ್‌ನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಅಲ್ಲಿ ಮಗಳನ್ನು ಸೇರಿಸುವ ತಂದೆತಾಯಿ ಎರಡು ಷರತ್ತುಗಳಿಗೆ ಒಪ್ಪಬೇಕು. ಸುನ್ನತಿ ಮಾಡಿಸಬಾರದು, ಓದುವ ವಯಸ್ಸಿನಲ್ಲಿ ಮದುವೆ ಮಾಡಬಾರದು. 1929ರಲ್ಲಿ ಹೊರಗಿನವರು ಇಂಥದೇ ಪ್ರಮಾಣ ಕೇಳಿದಾಗ ಕಿಕುಯು ಜನ ಮಿಷನ್ ಶಾಲೆಗೆ ಬೆನ್ನು ತಿರುಗಿಸಿದ್ದರು. ಎಂಬತ್ತು ವರ್ಷಗಳ ನಂತರ ಮಸಾಯಿ ಹಳ್ಳಿಯೊಂದರ ತಂದೆತಾಯಿ ಅದೇ ಮಾತಿಗೆ ಒಪ್ಪಿ ಮಗಳ ಕೈಹಿಡಿದು ಶಾಲೆಗೆ ಬಂದರು. ಕಾಲ ಬದಲಾಗಿತ್ತು ನಿಜ. ಆದರೆ ಕೇಳಿದವರೂ ಬದಲಾಗಿದ್ದರು. ಈಗ ಷರತ್ತು ಹಾಕಿದವರು, ಊರಿನ ವಂತಿಗೆಯಿಂದಲೇ ಓದಲು ಹೋಗಿ ಬಂದ ಊರಿನ ಮಗಳು.

ಈ ಶಾಲೆಗೆ ಹೊರದೇಶದ ದಾನಿಗಳ ಹಣವೂ ಬಂದಿದೆ. ಅದು ಬೇಡವೆನ್ನುವುದು ಮೂರ್ಖತನ. ಸರ್ಕಾರ ತನ್ನ ಹೊಣೆಯಿಂದ ನುಣುಚಿಕೊಳ್ಳಬಾರದು ಎಂಬುದೂ ಅಷ್ಟೇ ನಿಜ. ಆದರೆ ಹೊರಗಿನಿಂದ ಬಂದ ಹಣ ಬೇರು ಬಿಡಬೇಕಾದರೆ, ಆ ನೆಲದಲ್ಲಿ ಯಾರಾದರೂ ಮೊದಲೇ ಗುದ್ದಲಿ ಹಿಡಿದಿರಬೇಕು. ಮೈದಾನದಲ್ಲಿ ಕೋಳಿ ಹರಾಜಿಗಿಟ್ಟ ಮುದುಕಿಯ ಹೆಸರು ಯಾವ ಶಾಲೆಯ ಕಲ್ಲಿನ ಮೇಲೂ ಇರಲಿಕ್ಕಿಲ್ಲ. ಕೆನ್ಯಾದ ಶಾಲೆಗಳ ದಾನಿಗಳ ಪಟ್ಟಿ ಬರೆಯಲು ಕೂತರೆ ಮೊದಲ ಸಾಲು ಆಕೆಯದೇ.