ಗಾಳಿಯಂತ್ರಕ್ಕೆ ಊರು ಒಪ್ಪುವುದು ಯಾವಾಗ?

1980ರ ದಶಕದಲ್ಲಿ ಯುರೋಪಿನ ಸರ್ಕಾರಗಳು ಪವನ ವಿದ್ಯುತ್ತಿಗೆ ಹಣ ಸುರಿಯತೊಡಗಿದಾಗ ಜನರ ಒಪ್ಪಿಗೆ ಯಾರಿಗೂ ದೊಡ್ಡ ಪ್ರಶ್ನೆಯಾಗಿ ಕಾಣಲಿಲ್ಲ. ಅಭಿಪ್ರಾಯ ಸಮೀಕ್ಷೆಗಳಲ್ಲಿ ಬಹುಪಾಲು ಮಂದಿ ಬೇಕೆಂದೇ ಹೇಳುತ್ತಿದ್ದರು. ಆದರೆ ಕಂಬ ನೆಡಲು ಹೋದ ಊರುಗಳಲ್ಲಿ ತಕರಾರು ಏಳುತ್ತಿತ್ತು.

ಇದಕ್ಕೆ ಕೈಗೆ ಸಿಕ್ಕ ಸುಲಭ ವಿವರಣೆ 'ನಿಂಬಿ': ಎಲ್ಲಿಯಾದರೂ ಬರಲಿ, ನಮ್ಮ ಹಿತ್ತಲಿಗೆ ಮಾತ್ರ ಬೇಡ ಎನ್ನುವ ಸ್ವಾರ್ಥ. ನೆದರ್ಲೆಂಡ್ಸಿನ ಸಂಶೋಧಕ ಮಾರ್ಟನ್ ವೋಲ್ಸಿಂಕ್ 2000ದಲ್ಲಿ ಇದನ್ನು ಮಿಥ್ಯೆಯೆಂದೇ ಕರೆದರು. ಜನರ ಸ್ವಾರ್ಥಕ್ಕಿಂತ ತೀರ್ಮಾನ ಕೈಗೊಳ್ಳುವ ಸಂಸ್ಥೆಗಳ ರೀತಿಯೇ ಹೆಚ್ಚಿನ ತೊಡಕು ಎಂಬುದು ಅವರ ವಾದ. ಬ್ರಿಟನ್ನಿನ ಪ್ಯಾಟ್ರಿಕ್ ಡಿವೈನ್-ರೈಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಿರೋಧದ ಬೇರು ನೆಲದ ಮೇಲಿನ ಅಕ್ಕರೆಯಲ್ಲಿದೆ ಎಂದರು. ಹುಟ್ಟಿದೂರಿನ ಗುಡ್ಡವನ್ನು ಕಾಯಹೊರಟವರನ್ನು ಸ್ವಾರ್ಥಿಗಳೆಂದು ಬೈದರೆ ಚರ್ಚೆಯ ಬಾಗಿಲೇ ಮುಚ್ಚುತ್ತದೆ. ಜನರ ಒಪ್ಪಿಗೆಯ ಅಧ್ಯಯನದಲ್ಲಿ ನಿಜವಾದ ತಿರುವು ಇದೇ ಎಂದು ನನ್ನ ಎಣಿಕೆ.

2007ರಲ್ಲಿ ವ್ಯೂಸ್ಟೆನ್‌ಹಾಗನ್, ವೋಲ್ಸಿಂಕ್ ಮತ್ತು ಬ್ಯೂರರ್ ಒಪ್ಪಿಗೆಯನ್ನು ರಾಜಕೀಯ-ಸಾಮಾಜಿಕ, ಮಾರುಕಟ್ಟೆ, ಸ್ಥಳೀಯ ಎಂದು ಮೂರಾಗಿ ಬಿಡಿಸಿಟ್ಟರು. ಮುಂದಿನ ಅನೇಕ ಅಧ್ಯಯನಗಳು ಈ ಚೌಕಟ್ಟನ್ನೇ ಹಿಡಿದವು. ಸ್ಥಳೀಯ ಒಪ್ಪಿಗೆಯ ಒಳಹೊಕ್ಕಾಗ ಎರಡು ಪ್ರಶ್ನೆಗಳು ಮೇಲೆದ್ದವು: ತೀರ್ಮಾನಕ್ಕೆ ಮೊದಲು ನಮ್ಮನ್ನು ಕೇಳಿದರೇ? ಲಾಭ ಯಾರಿಗೆ?

ಎರಡನೆಯ ಪ್ರಶ್ನೆಗೆ ಸ್ಕಾಟ್ಲೆಂಡಿನಿಂದ ಸೊಗಸಾದ ಉತ್ತರವೊಂದು ಬಂತು. ಗೀಯ ದ್ವೀಪವನ್ನು ಅಲ್ಲಿನ ನಿವಾಸಿಗಳೇ 2002ರಲ್ಲಿ ಕೊಂಡು, ಆಮೇಲೆ ಮೂರು ಗಾಳಿಯಂತ್ರ ನಿಲ್ಲಿಸಿ, ಅವಕ್ಕೆ 'ಕುಣಿಯುವ ಹೆಂಗಳೆಯರು' ಎಂದು ಹೆಸರಿಟ್ಟರು. ಎದುರಿನ ಕಿಂಟೈರ್ ಪರ್ಯಾಯ ದ್ವೀಪದಲ್ಲಿದ್ದವು ಕಂಪನಿಗಳ ಯಂತ್ರಗಳು. ವಾರನ್ ಮತ್ತು ಮೆಕ್‌ಫೇಡ್ಯನ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡೂ ಕಡೆಯ ಜನರ ಮನಸ್ಸನ್ನು ಹೋಲಿಸಿದಾಗ ಗೀಯದವರ ಒಲವು ಹೆಚ್ಚಿತ್ತು. ಆದರೆ ಅದು ಪ್ರಮಾಣದ ವ್ಯತ್ಯಾಸ ಮಾತ್ರ, ಕಿಂಟೈರಿನವರು ವಿರೋಧಿಗಳೇನಲ್ಲ. ಒಡೆತನವೊಂದೇ ಮದ್ದು ಎಂದು ಸಾರುವವರು ಈ ಎಚ್ಚರಿಕೆಯನ್ನು ಮರೆಯಬಾರದು. ಒಡೆತನ ಹಂಚುವ ಈ ದಾರಿಯನ್ನು ಕಾನೂನೇ ಮಾಡಿದ್ದೂ ಉಂಟು: ಡೆನ್ಮಾರ್ಕ್ ಹೊಸ ಯಂತ್ರಗಳ ಶೇ. 20ರಷ್ಟು ಪಾಲನ್ನು ಸ್ಥಳೀಯರಿಗೆ ಮಾರಾಟಕ್ಕಿಡಬೇಕೆಂದು 2008ರ ಕಾಯ್ದೆಯಲ್ಲೇ ಬರೆದಿತ್ತು.

ಇವೆಲ್ಲ ಹೆಚ್ಚಾಗಿ ಶ್ರೀಮಂತ ದೇಶಗಳ ಅನುಭವ. ನಮ್ಮಲ್ಲಿ ಇದೇ ಪ್ರಶ್ನೆ ಸೌರ ವಿದ್ಯುತ್ತಿನ ವಿಷಯದಲ್ಲೂ ಏಳುತ್ತದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಎದ್ದಿತು. ಬರದಿಂದ ಬಸವಳಿದ ರೈತರ ಜಮೀನನ್ನು ಸರ್ಕಾರ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಿತು. ಭೂಮಿ ಕೈಬಿಡದ ಈ ಏರ್ಪಾಡು ದೇಶದ ಗಮನ ಸೆಳೆದದ್ದು ನ್ಯಾಯವೇ. ಆದರೆ ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಬಂತು. ಹೊಲದ ಕೂಲಿಯನ್ನೇ ನಂಬಿದವರಿಗೆ, ಕುರಿ ಮೇಯಿಸುವವರಿಗೆ ಕೆಲಸವೂ ಹೋಯಿತು, ಬಯಲೂ ಹೋಯಿತು. ಒಪ್ಪಿದ್ದು ಊರೇ ಅಥವಾ ಊರಿನ ಭೂಮಾಲೀಕರೇ? ಯುರೋಪಿನ ಚೌಕಟ್ಟಿನಲ್ಲಿ ಈ ಪ್ರಶ್ನೆಗೆ ಸಾಕಷ್ಟು ಜಾಗ ಸಿಕ್ಕಿರಲಿಲ್ಲ.

ಇನ್ನು ಊರನ್ನು ಮೊದಲೇ ಕೇಳುವ ಪ್ರಶ್ನೆ. ಭಾರತದ 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪಟ್ಟಿಯಲ್ಲಿ ಸೌರ, ಪವನ ಯೋಜನೆಗಳಿಲ್ಲ. ಹಾಗಾಗಿ ಅದರಡಿ ಸಾರ್ವಜನಿಕ ಅಹವಾಲು ಸಭೆಯೂ ಕಡ್ಡಾಯವಲ್ಲ. ದೊಡ್ಡ ಪಾರ್ಕುಗಳಿಗಾದರೂ ಅದನ್ನು ಕಡ್ಡಾಯ ಮಾಡಬೇಕು, ಆ ಸಭೆಯಲ್ಲಿ ಪಹಣಿ ಇಲ್ಲದವರಿಗೂ ಮಾತಾಡುವ ಹಕ್ಕಿರಬೇಕು.